ಗಂಟು ಏನೆಂದು ತಿಳಿಯುವ ಮೊದಲೇ ಬರೆ ಏಕೆ?

ನಿನ್ನೆ ಸಂಜೆ ಮೈಸೂರಿನಲ್ಲಿ ಮದುವೆಯ ಮೆರವಣಿಗೆಗೆಂದು ಸಿಂಗರಿಸಿ ನಿಲ್ಲಿಸಿದ್ದ ಬಿಳಿಯ ಕುದುರೆಯೊಂದರ ಬಾಲದ ಬುಡದಲ್ಲಿ ಕಾದ ಕಬ್ಬಿಣದಿಂದ ಸುಟ್ಟ ಹಸಿ ಗಾಯಗಳನ್ನು ಕಂಡೆ. ಅಲ್ಲಿ ಹುಣಸೆಬೀಜದ ಗಾತ್ರದ ಕಪ್ಪು ಗಂಟುಗಳು ಎದ್ದಿದ್ದವಂತೆ. ಊರಿನಲ್ಲಿ ಯಾರೋ ಅದನ್ನು ಚರ್ಮಗಂಟು ರೋಗವೆಂದರು, ಇನ್ಯಾರೋ ಬರೆ ಹಾಕಿಸಿ ಎಂದರು, ಹಾಕಿಸಿದರು. ಕುದುರೆಯನ್ನು ಹಿಡಿದಿದ್ದ ಹುಡುಗ ಇದನ್ನು ಹೇಳುವಾಗ ಅವನ ದನಿಯಲ್ಲಿ ಅಳುಕು ಇರಲಿಲ್ಲ. ಅವನ ಮೇಲೆ ನನಗೆ ಕೋಪವೂ ಇಲ್ಲ. ನನ್ನ ಕೋಪವೆಲ್ಲ ಗಂಟು ಕಂಡೊಡನೆ ಅದು ಏನೆಂದು ಕೇಳದೆಯೇ ಚಿಕಿತ್ಸೆ ಹೇಳಿಬಿಡುವ ನಮ್ಮ ಹಿರಿಯರ ಮೇಲೆ.

ಚರ್ಮಗಂಟು ರೋಗ ದನ ಮತ್ತು ಎಮ್ಮೆಗಳ ವೈರಸ್ ರೋಗ. 2022ರಲ್ಲಿ ನಮ್ಮ ಹಳ್ಳಿಗಳ ಹಸುಗಳನ್ನು ಅದು ಕಾಡಿದ ಬಗೆಯನ್ನು ಕಂಡವರಿಗೆ ಯಾವ ಪ್ರಾಣಿಯ ಮೈಮೇಲೆ ಗಂಟು ಕಂಡರೂ ಅದೇ ನೆನಪಾಗುವುದು ಸಹಜ. ಆದರೆ ಬಿಳಿಯ ಕುದುರೆಯ ಬಾಲದ ಕೆಳಗೆ, ಗುದದ್ವಾರದ ಸುತ್ತ, ತುಟಿಯ ಅಂಚಿನಲ್ಲಿ ಅಥವಾ ಕಿವಿಯ ಕೆಳಗಿನ ಗ್ರಂಥಿಯ ಜಾಗದಲ್ಲಿ ಗಟ್ಟಿಯಾದ ಕಪ್ಪು ಗಂಟು ಕಂಡರೆ ಮೊದಲು ಯೋಚಿಸಬೇಕಾದದ್ದು ಮೆಲನೋಮಾವನ್ನು, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗಡ್ಡೆಯನ್ನು. ನಾವು ಬಿಳಿ ಎನ್ನುವ ಕುದುರೆಗಳಲ್ಲಿ ಹೆಚ್ಚಿನವು ಕಪ್ಪಾಗಿಯೋ ಕಂದಾಗಿಯೋ ಹುಟ್ಟಿ ವರ್ಷಗಳು ಕಳೆದಂತೆ ಬೆಳ್ಳಗಾಗುವಂಥವು. ಅವುಗಳ ಕೂದಲನ್ನು ಬಿಳುಪಾಗಿಸುವ ವಂಶವಾಹಿಯ ಮಾರ್ಪಾಡೇ ಚರ್ಮದ ಬಣ್ಣದ ಕೋಶಗಳು ಗಡ್ಡೆಗಟ್ಟುವುದಕ್ಕೂ ಕಾರಣವೆಂದು 2008ರಲ್ಲಿ ಗೊತ್ತಾಯಿತು. ಹದಿನೈದು ದಾಟಿದ ಇಂಥ ಕುದುರೆಗಳಲ್ಲಿ ಬಹುಪಾಲಿಗೆ ಈ ಗಡ್ಡೆಗಳು ಬರುತ್ತವೆ. ಮೆರವಣಿಗೆಗೆ ಬಿಳಿಯ ಕುದುರೆಯೇ ಬೇಕೆಂದು ಹಟ ಹಿಡಿಯುವ ನಮ್ಮೂರುಗಳಲ್ಲಿ ಇದು ಪ್ರತಿಯೊಬ್ಬ ಮಾಲೀಕನಿಗೂ ತಿಳಿದಿರಬೇಕಿತ್ತು. ಇವು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಚಿಕ್ಕದಿರುವಾಗ ವೈದ್ಯರು ನೋಡಿದರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಇಲ್ಲವೇ ಗಾತ್ರವನ್ನು ಗಮನಿಸುತ್ತ ಇರಬಹುದು. ಮೇಲ್ಚರ್ಮವನ್ನು ಸುಟ್ಟರೆ ಒಳಗಿನ ಗಡ್ಡೆ ಹೋಗುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ.

ಆ ಗಾಯವೂ ಅಷ್ಟಕ್ಕೇ ನಿಲ್ಲುವುದಿಲ್ಲ. ಕುದುರೆಯ ಹೊಟ್ಟೆಯಲ್ಲಿ ಬದುಕುವ ಹ್ಯಾಬ್ರೊನೀಮಾ ಎಂಬ ಹುಳುವಿನ ಮರಿಗಳು ಲದ್ದಿಯಲ್ಲಿ ಹುಟ್ಟುವ ನೊಣಗಳ ದೇಹ ಸೇರುತ್ತವೆ, ಆ ನೊಣ ಹಸಿ ಗಾಯದ ಮೇಲೆ ಕುಳಿತಾಗ ಅಲ್ಲಿಗೆ ಇಳಿಯುತ್ತವೆ. ಬೇಸಿಗೆಯಲ್ಲಿ ಅದೇ ಜಾಗ ಮಾಂಸ ಉಬ್ಬಿ, ಒಳಗೆ ಅಕ್ಕಿಕಾಳಿನಂಥ ಹರಳುಗಳು ಕಟ್ಟಿ, ವಾಸಿಯಾಗದ ಹುಣ್ಣಾಗುತ್ತದೆ. ಗಂಟನ್ನು ಹೋಗಲಾಡಿಸಲು ಹಾಕಿದ ಬರೆಯೇ ಹೊಸ ಗಂಟನ್ನು ಹುಟ್ಟಿಸುತ್ತದೆ. ಸಾರ್ಕಾಯ್ಡ್ ಎಂಬ ಇನ್ನೊಂದು ಗಡ್ಡೆಯ ವಿಷಯದಲ್ಲಂತೂ ಇದು ಮತ್ತಷ್ಟು ಅಪಾಯಕಾರಿ. ದನಗಳಲ್ಲಿ ನರುಲಿ ಬರಿಸುವ ಪ್ಯಾಪಿಲೋಮಾ ವೈರಸ್ಸಿನ ನಂಟಿರುವ ಆ ಗಡ್ಡೆಯನ್ನು ಅರೆಬರೆಯಾಗಿ ಸುಟ್ಟರೆ ಅಥವಾ ಕೊಯ್ದರೆ ಅದು ಕೆರಳಿ ಮೊದಲಿಗಿಂತ ವೇಗವಾಗಿ ಬೆಳೆಯಬಹುದು. ತಿಳಿದ ವೈದ್ಯರು ಅದರ ತುಣುಕನ್ನು ಪರೀಕ್ಷೆಗೆ ತೆಗೆಯುವ ಮುನ್ನವೂ ಎರಡು ಬಾರಿ ಯೋಚಿಸುತ್ತಾರೆ, ನಾವು ಕುಲುಮೆಯ ಸಲಾಕೆ ಹಿಡಿದು ನಿಲ್ಲುತ್ತೇವೆ.

"ಕುದುರೆ ಬಲ್ಲ ಡಾಕ್ಟರು ಎಲ್ಲಿದ್ದಾರೆ? ದಿನದ ದುಡಿಮೆಯಲ್ಲಿ ಬದುಕುವ ಜಟಕಾದವರು ಪರೀಕ್ಷೆಗಳಿಗೆ ಹಣ ಎಲ್ಲಿಂದ ತರಬೇಕು?" ಎಂದು ಕೇಳುವವರಿದ್ದಾರೆ. ರೇಸಿನ ಲಾಯಗಳ ಆಚೆ ಕುದುರೆಯಲ್ಲಿ ಪಳಗಿದ ವೈದ್ಯರು ಸಿಗುವುದು ಕಷ್ಟವೆಂಬುದು ನಿಜ. ಆದರೆ ಬರೆ ಹಾಕುವವನೂ ಹಣ ಪಡೆಯುತ್ತಾನೆ, ಗಂಟಿಗೆ ಹಚ್ಚುವ ಗೇರೆಣ್ಣೆಯೂ ಮೈಲುತುತ್ತವೂ ಪುಕ್ಕಟೆ ಬರುವುದಿಲ್ಲ. ಕೈಯಿಂದ ಮುಟ್ಟಿ ನೋಡುವುದಕ್ಕೆ ಯಾವ ಖರ್ಚೂ ಇಲ್ಲ. ಕೆಲವೇ ಗಂಟೆಗಳಲ್ಲಿ ಮೈತುಂಬ ಮೆದುವಾದ ದದ್ದುಗಳೆದ್ದು, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿದ್ದರೆ ಅದು ಬಹುಮಟ್ಟಿಗೆ ಅಲರ್ಜಿ. ಹೊಸ ಮೇವು, ಚುಚ್ಚುಮದ್ದು, ಕೀಟಗಳ ಕಡಿತ ಇವುಗಳಲ್ಲಿ ಯಾವುದು ಕಾರಣವೆಂದು ಹುಡುಕಬೇಕು. ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ಕಾಯದೆ ಓಡಬೇಕು. ಜೀನಿನ ಕೆಳಗೆ, ಬೆನ್ನಿನ ಮೇಲೆ ಕೂದಲು ಉದುರದೆ, ನೋವು ತುರಿಕೆಗಳಿಲ್ಲದೆ ಗಟ್ಟಿಯಾಗಿ ನಿಂತ ಗುಂಡನೆಯ ಗಂಟುಗಳಿದ್ದರೆ ಅವು ಚರ್ಮದೊಳಗಿನ ಕಾಲಜನ್ ಎಂಬ ನಾರಿನಂಥ ಪ್ರೋಟೀನು ಹಾಳಾಗಿ ಮೂಡಿದವಾಗಿರಬಹುದು. ಜೀನು ಒತ್ತದಿದ್ದರೆ ಅವನ್ನು ಮುಟ್ಟದೆ ಬಿಟ್ಟರೂ ನಡೆಯುತ್ತದೆ. ದಾರದಿಂದ ಗಂಟಿನ ಸುತ್ತಳತೆ ತೆಗೆದು, ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆದು ತಾರೀಖಿನೊಂದಿಗೆ ಇಟ್ಟುಕೊಂಡರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರಿಗೆ ಅರ್ಧ ದಾರಿ ಸುಗಮವಾಗುತ್ತದೆ. ಅವರು ಸೂಜಿಯಿಂದ ತೆಗೆದ ಸ್ವಲ್ಪ ಕೋಶವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲರು. ಬಡತನದ ಮಾತು ನಿಜವಾದರೂ ಅದು ಬರೆಯನ್ನು ಸಮರ್ಥಿಸುವುದಿಲ್ಲ.

ನಾನು ಕುದುರೆಗಳ ನಡುವೆಯೇ ಬೆಳೆದವನು. ಆದರೂ ಒಂದು ಬಗೆಯ ಗಂಟಿನ ಬಗ್ಗೆ ನನಗೆ ಇಂದಿಗೂ ಪ್ರಾಣಭಯವಿದೆ. ಹಿಂಗಾಲಿನ ಒಳಮೈಯಲ್ಲಿ ದುಗ್ಧರಸ (ಲಿಂಫ್) ಹರಿಯುವ ನಾಳದ ಜಾಡಿನಲ್ಲೇ ಸಾಲಾಗಿ ಗಂಟುಗಳೆದ್ದು, ಒಡೆದು, ಜೇನಿನ ಬಣ್ಣದ ಅಂಟು ಕೀವು ಸುರಿಸತೊಡಗಿದರೆ ಅದು ಗ್ಲಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಕೊಲ್ಲಲೂಬಹುದು. ಲಸಿಕೆಯಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕೇಂದ್ರ ಕಾಯ್ದೆಯಡಿ ಇದನ್ನು ವರದಿ ಮಾಡಲೇಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತಪರೀಕ್ಷೆಯಿಂದ ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ, ಮಾಲೀಕನಿಗೆ ಪರಿಹಾರ ಸಿಗುತ್ತದೆ. ಅಂಥ ಕುದುರೆಗೂ ಬರೆ ಹಾಕುವವರು ಬರಿಗೈಯಲ್ಲಿ ಕೀವು ಮುಟ್ಟಿ, ಅದೇ ಕೈಯಲ್ಲಿ ಮಕ್ಕಳನ್ನೆತ್ತಿಕೊಳ್ಳುತ್ತಾರೆ.

ನಿನ್ನೆಯ ಕುದುರೆಯ ಕಾಲುಗಳಲ್ಲಿ ಅಂಥದ್ದೇನೂ ಇರಲಿಲ್ಲ, ನಾನೇ ನೋಡಿದೆ. ಸೋಮವಾರ ಅದನ್ನು ಪಶು ಆಸ್ಪತ್ರೆಗೆ ಕರೆತರಲು ಮಾಲೀಕರು ಒಪ್ಪಿದ್ದಾರೆ. ಅಲ್ಲಿಯವರೆಗೆ ಗಾಯವನ್ನು ಉಪ್ಪುನೀರಿನಿಂದ ತೊಳೆದು, ನೊಣ ಕೂರದಂತೆ ನೋಡಿಕೊಳ್ಳಲು ಹೇಳಿದ್ದೇನೆ. ನಾನೂ ಜೊತೆಗೆ ಹೋಗುತ್ತಿದ್ದೇನೆ. ಮೈಸೂರಿನಲ್ಲಿ ಮೆರವಣಿಗೆಯ ಕುದುರೆ ಸಾಕಿರುವ ಗೆಳೆಯರು ಇಂದೇ ಬಾಲವೆತ್ತಿ ನೋಡಿ. ಗಂಟು ಕಂಡರೆ ಯಾರಿಂದಲೂ ಏನನ್ನೂ ಹಚ್ಚಿಸಬೇಡಿ, ಸೋಮವಾರ ನಮ್ಮೊಂದಿಗೆ ಪಶು ಆಸ್ಪತ್ರೆಗೆ ಬನ್ನಿ.