ಮೇಲೆ ಬಳಿದರೆ ಒಳಗಿನ ಕೊಳೆ ಹೋಗುತ್ತಾ?

ಹಳೇ ಫೈಬರ್ ದೋಣಿಯಲ್ಲಿ ಇಂಜಿನ್ ಕೂರುವ ಹಿಂಬದಿ ಹಲಗೆ ಮೆತ್ತಗಾದರೆ ಮೇಲೆ ಎರಡು ಪದರ ಫೈಬರ್ ಹಾಕಿ ಸಾಕು ಅಂತ ದೋಣಿ ರಿಪೇರಿ ಬಗ್ಗೆ ನಿಮ್ಮ ಲೇಖನದಲ್ಲಿದೆ. ಸರ್, ಹಾಗೆ ಮಾಡಿ ಕೆಟ್ಟವನು ನಾನು. ಹಾರಂಗಿ ಹಿನ್ನೀರಿನ ಹತ್ತಿರ ನಮ್ಮದೊಂದು ಹಳೇ ದೋಣಿ ಇದೆ. ಒಂದೇ ಮಳೆಗಾಲಕ್ಕೆ ಮತ್ತೆ ಇಂಜಿನ್ ಅಲ್ಲಾಡತೊಡಗಿತು.

ಮೊದಲು ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ. ಹಣ್ಣಾದ ಹಲಸು ತಟ್ಟಿದ ಹಾಗೆ ಡಬ್ ಡಬ್ ಅಂದರೆ ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಹೋಗಿದೆ ಅಂತಲೇ ಲೆಕ್ಕ. ನಾನು ಒಳಗಡೆಯಿಂದ ಸಣ್ಣ ತೂತು ಕೊರೆದಾಗ ಡ್ರಿಲ್ ಬಿಟ್‌ಗೆ ಅಂಟಿ ಬಂದದ್ದು ಒದ್ದೆ ಕಾಫಿ ಚರಟದಂಥ ಕಪ್ಪು ಪುಡಿ! ನೀರು ಇಳಿದದ್ದು ಇಂಜಿನ್ ಬೋಲ್ಟ್ ತೂತುಗಳಿಂದ.

ಆಮೇಲೆ ಒಳಗಿನ ಫೈಬರ್ ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆದೆವು. ಹೊರಗಿನ ಪದರ ಮುಟ್ಟಬೇಡಿ, ಆಕಾರ ಉಳಿಯುವುದೇ ಅದರಿಂದ. ಐಎಸ್ 710 ಗುರುತಿನ (ಮರೈನ್ ಪ್ಲೈವುಡ್‌ಗೆ ಇರುವ ಭಾರತೀಯ ಮಾನಕ) ಮರೈನ್ ಪ್ಲೈವುಡ್ 18 ಮಿ.ಮೀ.ನದು ಎರಡು ಸೇರಿಸಿ ಎಪಾಕ್ಸಿಯಲ್ಲಿ, ಅಂದರೆ ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟಿನಲ್ಲಿ, ಅಂಟಿಸಿದೆವು. ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಫೈಬರ್ ಉಜ್ಜುವಾಗ ಮಾಸ್ಕ್ ಬೇಕೇ ಬೇಕು. ನಾನು ಹಾಕದೆ ಎರಡು ದಿನ ಕೆಮ್ಮಿದೆ, ಮೈ ತುರಿಕೆ ಬೇರೆ.

ಬೋಲ್ಟ್ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯಿರಿ. ಆಗ ನೀರು ಮರಕ್ಕೆ ತಾಗುವುದಿಲ್ಲ. ಲೇಖನದಲ್ಲಿ ಇದನ್ನೇ ಬಿಟ್ಟಿದ್ದೀರಿ, ಅಲ್ವಾ?

ಕೊಡಗಿನವರು ಈ ಕೆಲಸ ಫೆಬ್ರವರಿಯಲ್ಲೇ ಇಟ್ಟುಕೊಳ್ಳಿ. ಜುಲೈಯಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ದೋಣಿ ಎಲ್ಲಿ ಒಣಗೀತು!