ಲ್ಯಾಪ್‌ಟಾಪಿನ ಔಟ್‌ಟರ್ನ್ ಎಷ್ಟು ಸ್ವಾಮೀ?

ಚಿಕ್ಕಮಗಳೂರು ಸೀಮೆಯ ಕಾಫಿ ಬೆಳೆಗಾರನಿಗೆ ಟೋಪಿ ಹಾಕುವುದು ಸುಲಭವಲ್ಲ. 50 ಕೆ.ಜಿ. ಚೆರ್ರಿ ಮೂಟೆಯಲ್ಲಿ ಸಿಪ್ಪೆ ಕಳೆದು ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕದಲ್ಲಿ ಅರ್ಧ ಪಾಯಿಂಟ್ ಕಮ್ಮಿ ಬಂದರೂ ವ್ಯಾಪಾರಿಯ ಎದುರೇ ಇನ್ನೊಂದು ಸ್ಯಾಂಪಲ್ ತೆಗೆಸುತ್ತಾನೆ. ತೇವಾಂಶದ ಮೀಟರ್ ಹೆಚ್ಚು ತೋರಿಸಿತೋ, ಮೀಟರಿನ ಜಾತಕವನ್ನೇ ಜಾಲಾಡುತ್ತಾನೆ. ಹಳೇ ಜೀಪು ಕೊಳ್ಳುವಾಗಲಂತೂ ಬಾನೆಟ್ ಎತ್ತಿಸಿ, ಹೊಗೆಯ ಬಣ್ಣ ನೋಡಿ, ಘಾಟಿ ಹತ್ತಿಸಿ ಇಳಿಸಿದ ಮೇಲೆಯೇ ಅಡ್ವಾನ್ಸಿನ ಮಾತು.

ಇದೇ ಮಹಾನುಭಾವ ಮಗಳು ಡಿಗ್ರಿಗೆ ಸೇರಿದ ವಾರ ಐ.ಜಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿ ಕೇಳುವ ಮೊದಲ ಪ್ರಶ್ನೆ: "ಬ್ಯಾಗ್ ಫ್ರೀ ಇದೆಯೇನಪ್ಪಾ?"

"ಇದೆ ಸಾರ್. ಮೌಸೂ ಫ್ರೀ."

ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯಿತು. ಉಳಿದರ್ಧ ಮುಚ್ಚಳದ ಬಣ್ಣದಲ್ಲಿ.

ಇಪ್ಪತ್ತು ಸಾವಿರದೊಳಗಿನ ಪುಟ್ಟ ಲ್ಯಾಪ್‌ಟಾಪಿನ ಔಟ್‌ಟರ್ನನ್ನು ಯಾರೂ ತೆಗೆದು ನೋಡುವುದಿಲ್ಲ. ನಾವೇ ತೆಗೆಯೋಣ. ಡಬ್ಬದ ಮೇಲೆ 64 ಜಿಬಿ ಸ್ಟೋರೇಜ್ ಎಂದಿದೆ. ಆನ್ ಮಾಡಿದರೆ ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಅದನ್ನು 60ಕ್ಕೂ ಕಡಿಮೆ ಎಂದು ತೋರಿಸುತ್ತದೆ. ಅದರಲ್ಲಿ ದೊಡ್ಡ ಪಾಲು ವಿಂಡೋಸ್‌ಗೇ ಹೋಯಿತು. ಮಿಕ್ಕಿದ್ದರಲ್ಲಿ ಕೇಳದೆಯೇ ತುಂಬಿಸಿದ ಆಂಟಿವೈರಸ್ ಟ್ರಯಲ್, ಯಾರೂ ಆಡದ ಇಸ್ಪೀಟಿನ ಆಟ. ಆಮೇಲೆ ಒಂದು ದೊಡ್ಡ ಅಪ್‌ಡೇಟ್ ಬಂದು "ಜಾಗ ಸಾಲದು, ಪೆನ್‌ಡ್ರೈವ್ ಚುಚ್ಚಿ" ಎನ್ನುತ್ತದೆ. ಇಷ್ಟು ಔಟ್‌ಟರ್ನ್ ಬರುವ ಚೆರ್ರಿಯನ್ನು ಯಾರಾದರೂ ತಂದಿದ್ದರೆ ಅವನನ್ನು ಮೂಟೆ ಸಮೇತ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು.

ಸ್ಟೋರೇಜ್ ಕೂಡ ವೇಗದ ಎಸ್‌ಎಸ್‌ಡಿ ಅಲ್ಲ, ಇಎಂಎಂಸಿ. ಅಗ್ಗದ ಮೊಬೈಲಿನಲ್ಲಿ ಇರುವಂಥದ್ದೇ. ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಬದಲಾಯಿಸುವ ಮಾತಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಕೆಲಸ ನಡೆಯುವಾಗಿನ ತಾತ್ಕಾಲಿಕ ನೆನಪಾದ 4 ಜಿಬಿ ರ‍್ಯಾಮ್‌ದೂ ಅದೇ ಗತಿ. ವಿಂಡೋಸ್ 11 ಹಾಕಲು ಕನಿಷ್ಠ ಬೇಕಾದದ್ದು 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ಕಂಪನಿಗಳು ಅಷ್ಟನ್ನೇ, ಒಂದು ಗುಲಗಂಜಿಯೂ ಹೆಚ್ಚಾಗದಂತೆ, ತೂಗಿ ಕೊಟ್ಟಿವೆ. ಇನ್ನು ಪ್ರೊಸೆಸರ್. ಸೆಲೆರಾನ್ ಎನ್4020 ಎಂಬುದು 2019ರ ಸರಕು, ಎರಡೇ ಕೋರ್, ಅಂದರೆ ದುಡಿಯುವ ಆಳು ಇಬ್ಬರೇ. ಜಾಹೀರಾತಿನ 2.8 ಗಿಗಾಹರ್ಟ್ಸ್ ಕೆಲ ಗಳಿಗೆಯ ಆವೇಶ. ಅದರ ಮೂಲ ವೇಗ 1.1. ಹತ್ತು ಟ್ಯಾಬ್ ತೆರೆದು ವಿಡಿಯೋ ಕ್ಲಾಸಿಗೆ ಕೂತರೆ ಮೇಷ್ಟರ ತುಟಿ ಈಗ, ದನಿ ಆಮೇಲೆ.

ಈ ತಮಾಷೆ ಹೊಸದೇನಲ್ಲ. 2007ರಲ್ಲಿ ಏಸಸ್‌ನ ಈ-ಪಿಸಿ ಎಂಬ ಅಗ್ಗದ ಪುಟಾಣಿ ಲ್ಯಾಪ್‌ಟಾಪ್, ಅಂದರೆ ನೆಟ್‌ಬುಕ್, ಬಂದಾಗ 7 ಇಂಚಿನ ಪರದೆ, 4 ಜಿಬಿ ಜಾಗ, ಒಳಗೆ ಲಿನಕ್ಸ್. ತನ್ನ ಯೋಗ್ಯತೆ ಇಷ್ಟೇ ಎಂದು ಅದರ ಗಾತ್ರವೇ ಹೇಳುತ್ತಿತ್ತು, ಆ ಮಟ್ಟಿಗೆ ಸಭ್ಯ ಯಂತ್ರ. 2009ರಲ್ಲಿ ನೆಟ್‌ಬುಕ್‌ಗಳಿಗೆಂದೇ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಾದರೋ ಪರದೆಯ ಹಿಂದಿನ ಚಿತ್ರ ಬದಲಿಸುವ ಅವಕಾಶವೇ ಇರಲಿಲ್ಲ! ದುಡ್ಡು ಕೊಟ್ಟವನು ಮನೆದೇವರ ಫೋಟೋ ಹಾಕಿಕೊಳ್ಳಬೇಕಾದರೂ ಮತ್ತೆ ದುಡ್ಡು ಬಿಚ್ಚಿ ಮೇಲಿನ ದರ್ಜೆಗೆ ಹೋಗಬೇಕಿತ್ತು. ಈಗ ಫೋಟೋ ಹಾಕಲು ಬಿಡುತ್ತಾರೆ. ಅದು ಮೂಡುವ ತನಕ ಕಾಯಬೇಕು, ಅಷ್ಟೆ.

ಹೆಚ್ಚುಕಡಿಮೆ ಅದೇ ದುಡ್ಡಿಗೆ ಯಾವುದೋ ಆಫೀಸು ಬಳಸಿ ಬಿಟ್ಟ, ಇಂಟೆಲ್‌ನ ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಸಿಗುತ್ತದೆ. ಅದಕ್ಕಿಂತ ಹಳೆಯದು ಬೇಡ: ಇಂಟೆಲ್‌ನಲ್ಲಿ ವಿಂಡೋಸ್ 11 ಹೆಚ್ಚಾಗಿ ಒಪ್ಪುವುದೇ ಎಂಟರಿಂದ ಮೇಲಕ್ಕೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಟರಿ ಸವೆದಿರಬಹುದು, ಮೂಲೆಯಲ್ಲಿ ಗೀರಿರಬಹುದು. ಆದರೆ ಕೆಲಸ ಮಾಡುತ್ತದೆ.

"ಸೆಕೆಂಡ್ ಹ್ಯಾಂಡಾ? ಛೆ ಛೆ, ನೆಂಟರೇನಂತಾರೆ!" ಎನ್ನುವವರು ಬಂದಿರುವುದು ಮೂರನೇ ಕೈ ಜೀಪಿನಲ್ಲಿ. ಅದನ್ನು ನೆಂಟರಿಷ್ಟರ ಎದುರು ಹೊಗಳಿದ್ದೇ ಹೊಗಳಿದ್ದು.

ಅಂಗಡಿಯ ಹುಡುಗನನ್ನು ಬೈದು ಫಲವಿಲ್ಲ. ಗಿರಾಕಿ ಕೇಳಿದ್ದಕ್ಕೆ ಅವನು ಉತ್ತರ ಹೇಳುತ್ತಾನೆ. ಗಿರಾಕಿ ಕೇಳುವುದು ಬ್ಯಾಗಿನ ಜಿಪ್ ಗಟ್ಟಿಯೇ ಎಂದು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಅಪ್ಪಿತಪ್ಪಿ ಕೇಳಿದರೆ ಕಂಪನಿಯ ಸ್ಟಿಕ್ಕರ್ ಓದುತ್ತಾನೆ. ಆಷಾಢದ ಮಳೆಗೆ ಮರ ಬಿದ್ದು ಆಲ್ದೂರು, ಮೂಡಿಗೆರೆ ಕಡೆ ಕರೆಂಟು ಹೋಗುವ ದಿನಗಳ ಲೆಕ್ಕ ಆ ಸ್ಟಿಕ್ಕರಿನಲ್ಲಿಲ್ಲ.

ಅಷ್ಟು ಹೊತ್ತೂ ಪಕ್ಕದಲ್ಲಿ ಮೊಬೈಲ್ ತಿರುವುತ್ತಿದ್ದ ಮಗಳು ಮೆಲ್ಲಗೆ ಅಂದಳು: "ಅಪ್ಪಾ, ಇದ್ರಲ್ಲಿ ರ‍್ಯಾಮ್ ಜಾಸ್ತಿ ಮಾಡ್ಸೋಕಾಗಲ್ಲಂತೆ. ಎಂಟು ಜಿಬಿದು ನೋಡೋಣ್ವಾ?"

"ನೀನ್ ಸುಮ್ನಿರು ಪುಟ್ಟಿ, ವ್ಯಾಪಾರ ನಿಂಗೊತ್ತಾಗಲ್ಲ," ಎಂದ ಯಜಮಾನರು ಹುಡುಗನ ಕಡೆ ತಿರುಗಿ ದನಿ ಗಟ್ಟಿ ಮಾಡಿದರು. "ಏನಪ್ಪಾ, ಮೌಸ್ ಕೊಟ್ಮೇಲೆ ಅದರ ಪ್ಯಾಡಿಗೆ ಬೇರೆ ದುಡ್ಡಾ? ಯಾರಿಗೆ ಕಿವಿ ಮೇಲೆ ಹೂವ ಇಡ್ತೀಯಾ?"