ಫ್ರಿಜ್‌ನಲ್ಲಿ ಉಳಿದ ಅರ್ಧ ಬಾಟಲಿ

ನಿನ್ನೆ ಬಾಗಲಕೋಟೆ ವಿದ್ಯಾಗಿರಿಯಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಒಂದೂವರೆ ವರ್ಷದ ಕೂಸು ಕಿವಿ ಹಿಡಿದುಕೊಂಡು ಚೀರುತ್ತಿತ್ತು. ಅದರವ್ವ ಫ್ರಿಜ್ ತೆಗೆದು, ಮೊಸರಿನ ಪಕ್ಕದಿಂದ ಒಂದು ಆಂಟಿಬಯೋಟಿಕ್ ಬಾಟಲಿ ಎಳೆದಳು. 'ಹೋದ ತಿಂಗಳ ಅವರಣ್ಣಗ ತಂದಿದ್ದು ಉಳದೈತ್ರಿ, ಚೆಲ್ಲೂದ್ಯಾಕ?' ಅಂತ ಚಹಾ ಚಮಚಕ್ಕೆ ಸುರಿದೇ ಬಿಟ್ಟಳು! ಓಡಿ ಹೋಗಿ ಕೈ ಹಿಡಿದೆ.

ಹದಿನಾಲ್ಕು ವರ್ಷ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತವನು ನಾನು. ನನ್ನ ಬಿಪಿ ಎಷ್ಟಾಗಿರಬೇಡ!

ಅದು ಉಳಿದದ್ದಾದರೂ ಹೇಗೆ? ಅಣ್ಣನಿಗೆ ಏಳು ದಿನ ಬರೆದಿದ್ದರು. ಮೂರನೇ ದಿನ ಹುಡುಗ ಆಡಲು ಓಡಿದ. ನೋವು ಹೋಯ್ತು, ಔಷಧಿ ನಿಂತಿತು. ಒಳಗೆ ಉಳಿದ ಕ್ರಿಮಿಗಳ ಲೆಕ್ಕ ಇಟ್ಟವರಾರು? ಆ ಬಾಟಲಿ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಜೊತೆ, ಅದಕ್ಕೆ ಬಲ ಕೊಡುವ ಕ್ಲಾವುಲನೇಟ್ ಇದ್ದದ್ದು. ಪುಡಿಗೆ ನೀರು ಬೆರೆಸಿದ ಮೇಲೆ, ಫ್ರಿಜ್‌ನಲ್ಲಿಟ್ಟರೂ ಅದಕ್ಕೆ ವಾರದ ಆಯುಷ್ಯ. ಇದು ತಿಂಗಳಿಂದ ಕೂತಿದೆ!

ಇನ್ನು ಆ ಚಮಚ. ಅಣ್ಣ 16 ಕೆಜಿ, ಕೂಸು 9 ಕೆಜಿ. ಮಕ್ಕಳ ಡೋಸು ತೂಕದ ಮೇಲೆ ನಿಲ್ಲುತ್ತದೆ. ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್ ಅನ್ನು ದಿನಕ್ಕೆ ಕೆಜಿಗೆ 80ರಿಂದ 90 ಮಿಲಿಗ್ರಾಂ ಲೆಕ್ಕ ಹಿಡಿದು, ಎರಡು ಸಲಕ್ಕೆ ಹಂಚುವುದು ರೂಢಿ. ಎರಡು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ಹತ್ತು ದಿನ. ಅಳೆಯುವುದಕ್ಕೆ ಮಿಲಿ ಗೆರೆ ಇರುವ ಮುಚ್ಚಳವೋ ಸಿರಿಂಜೋ ಬೇಕು. ನಿಮ್ಮ ಮನೆ ಚಮಚ ಸಕ್ಕರೆಗೆ ಸರಿ, ಮಾರಾಯ್ರೇ.

'ಡಾಕ್ಟರುಗಳೇನು ಕಮ್ಮೀನಾ? ನೆಗಡಿಗೂ ಆಂಟಿಬಯೋಟಿಕ್ ಬರೀತಾರೆ' ಅಂತ ಕಾಮೆಂಟ್ ಬರುತ್ತದೆ, ಗೊತ್ತು. ನಿಜ, ಬರೆಯುವವರಿದ್ದಾರೆ. ಎರಡು ವರ್ಷ ದಾಟಿದ ಮಗುವಿಗೆ ಸಣ್ಣ ಕಿವಿನೋವಿದ್ದರೆ, ನೋವಿನ ಔಷಧಿ ಮಾತ್ರ ಕೊಟ್ಟು ಎರಡು ಮೂರು ದಿನ ಕಾಯುವುದೂ ಉಂಟು. ಆದರೆ ಅದನ್ನು ಹೇಳಬೇಕಾದವರು ಕಿವಿಯೊಳಗೆ ಲೈಟ್ ಬಿಟ್ಟು ಕಿವಿತಮಟೆ ನೋಡಿದವರು. ಫ್ರಿಜ್ ಲೈಟಿನಲ್ಲಿ ಬಾಟಲಿ ನೋಡಿದವರಲ್ಲ!

ಹಾಂ, ಜಾಸ್ತಿ ಹಾರಾಡಬಾರದು ನಾನು. ನನ್ನ ಮಗಳು ಸಣ್ಣವಳಿದ್ದಾಗ ಪ್ರತಿ ಡೋಸೂ ನನ್ನ ಅಂಗಿಯ ಮೇಲೇ ಉಗುಳುತ್ತಿದ್ದಳು. ಐದನೇ ದಿನಕ್ಕೆ ಸೋತು ಬಿಟ್ಟುಬಿಟ್ಟೆ. ಎರಡು ವಾರಕ್ಕೆ ಕಿವಿ ಸೋರಿತು. 'ಪೂರ್ತಿ ಕೊಟ್ಟೀನ್ರಿ' ಅಂತ ಡಾಕ್ಟರಿಗೆ ಸುಳ್ಳು ಹೇಳಿದೆ. ದಿನಾ ಇಡೀ ಊರಿಗೆ ಕೋರ್ಸ್ ಮುಗಿಸಿ ಅಂತ ಹೇಳುತ್ತಿದ್ದವನು! ಆ ಬಾಟಲಿಯೂ ಆರು ತಿಂಗಳು ನಮ್ಮ ಫ್ರಿಜ್‌ನಲ್ಲೇ ಇತ್ತು.

ನಿನ್ನೆಯದನ್ನು ಮಾತ್ರ ಕಸಕ್ಕೆ ಹಾಕಿಸಿದೆ. ಕೂಸನ್ನು ಡಾಕ್ಟರ ಹತ್ತಿರ ಕಳಿಸಿ ಚಪ್ಪಲಿ ಮೆಟ್ಟುತ್ತಿದ್ದೆ. ಅಡುಗೆಮನೆಯಿಂದ ಬೆಳ್ಳುಳ್ಳಿ ಎಣ್ಣೆ ಕಾಯುವ ವಾಸನೆ ಬಂತು. 'ಬಂದ ಮ್ಯಾಲೆ ಕಿವಿಗೆ ಎರಡ ಹನಿ ಬಿಟ್ಟರಾತು' ಅಂದರು ಅಜ್ಜಿ.